ಕಾರ್ನ್‌ವಾಲ್‌ಗೆ ಟಿಕೆಟ್ ತೆಗೆಯುವ ಮೊದಲು ಅಮೆರಿಕದಲ್ಲೇ ಹುಡುಕಿ

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷ್ ಹಿರಿಯರ ಊರು ಹುಡುಕಬೇಕೆಂದಿದ್ದೀರಾ? ಇಂಗ್ಲೆಂಡಿಗೆ ಅವಸರ ಮಾಡಬೇಡಿ. ಮೊದಲು ಅವರ ಪ್ಯಾರಿಷ್ ಯಾವುದು, ಅಂದರೆ ಯಾವ ಚರ್ಚಿಗೆ ಸೇರಿದ ಊರಿನವರು ಎಂದು ಗೊತ್ತಾಗಬೇಕು. ಆ ಸುಳಿವು ಹೆಚ್ಚಾಗಿ ಸಿಗುವುದು ಅವರು ಬಂದು ನೆಲೆಸಿದ ಕಡೆಯೇ.

ನಾವು ಹುಡುಕಿದ್ದು ನಮ್ಮ ಅಳಿಯನ ಮನೆತನದ ಹಿರಿಯರೊಬ್ಬರನ್ನು. 1840ರ ದಶಕದಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಬಿಟ್ಟು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿನರಲ್ ಪಾಯಿಂಟ್‌ಗೆ ಸೀಸದ ಗಣಿ ಕೆಲಸಕ್ಕೆ ಬಂದವರು. (1880ರ ನಂತರ ನಮ್ಮ ಕೋಲಾರದ ಚಿನ್ನದ ಗಣಿಗೂ ಕಾರ್ನ್‌ವಾಲ್‌ನಿಂದ ಜನ ಬಂದರು. ಅದಕ್ಕೇ ಈ ಹುಡುಕಾಟ ನನಗೆ ಪರರದ್ದು ಅನ್ನಿಸಲಿಲ್ಲ.) ಮಿನರಲ್ ಪಾಯಿಂಟ್ ಆ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಿಂದ ಸುಮಾರು 50 ಮೈಲಿ, ಕಾರು ಬೇಕೇ ಬೇಕು. ಅಲ್ಲಿನ ಪೆಂಡಾರ್ವಿಸ್ ಎಂಬ ಐತಿಹಾಸಿಕ ತಾಣದಲ್ಲಿ ಆ ಕಾಲದ ಕಲ್ಲಿನ ಮನೆಗಳಿವೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲೇ ಹೋಗಿ.

ಅಮೆರಿಕದ ಕಾಗದಪತ್ರಗಳಲ್ಲಿ ಜಾಸ್ತಿ ಏನೂ ಬರೆದಿರುವುದಿಲ್ಲ. 1820ರಿಂದ ಹಡಗಿನ ಪ್ರಯಾಣಿಕರ ಪಟ್ಟಿಗಳಿವೆ, ಆದರೆ ಹುಟ್ಟೂರು ಕೇಳುವುದಿಲ್ಲ. 1850ರ ಜನಗಣತಿಯಲ್ಲಿ ಮನೆಮಂದಿಯ ಹೆಸರೆಲ್ಲಾ ಇದೆ, ಹುಟ್ಟಿದ್ದು ಮಾತ್ರ ಬರೀ ‘ಇಂಗ್ಲೆಂಡ್’. 1890ರ ಗಣತಿಯ ಬಹುಪಾಲು ಬೆಂಕಿ ಅನಾಹುತದ ನಂತರ ಕೈಬಿಟ್ಟುಹೋಯಿತು. ಹಾಗಾಗಿ ಹಳೆಯ ಪತ್ರಿಕೆಗಳ ಮರಣವಾರ್ತೆ ಓದಿ, ಸ್ಮಶಾನ ಸುತ್ತಿ. ನಮಗೆ ಉತ್ತರ ಸಿಕ್ಕಿದ್ದು ಸಮಾಧಿ ಕಲ್ಲಿನಲ್ಲಿ. ಹೆಸರು, ತೀರಿಕೊಂಡ ದಿನ, ಅದರ ಕೆಳಗೆ ಪಾಚಿ ಹಿಡಿದ ಸಣ್ಣ ಅಕ್ಷರದಲ್ಲಿ ‘ಗ್ವೆನ್ನಾಪ್, ಕಾರ್ನ್‌ವಾಲ್’. ಅಳಿಯ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ಇನ್ನು ಇಂಗ್ಲೆಂಡ್. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಕಾರ್ನ್‌ವಾಲ್‌ನ ರೆಡ್ರೂತ್‌ಗೆ ರೈಲಿನಲ್ಲಿ ಸುಮಾರು ಐದು ಗಂಟೆ. ಅಲ್ಲಿ ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ ಕ್ರೆಸೆನ್ ಕೆರ್ನೋ ಎಂಬ ದಾಖಲೆ ಭಂಡಾರವಿದೆ. 2019ರಲ್ಲಿ ತೆರೆದದ್ದು. ವಾರವಿಡೀ ತೆರೆದಿರುವುದಿಲ್ಲ. ಬೇಕಾದ ದಾಖಲೆಗಳನ್ನು ಮೊದಲೇ ತಿಳಿಸಿ ಹೋದರೆ ಸಮಯ ಉಳಿಯುತ್ತದೆ.

ಅಲ್ಲಿ ಏನು ಕೇಳಬೇಕು? ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೂ ಮುಂಚೆ ಹುಟ್ಟಿದವರಿಗೆ ಚರ್ಚಿನ ರಿಜಿಸ್ಟರೇ ಗತಿ. 1813ರಿಂದ ಅಚ್ಚಾದ ನಮೂನೆ ಬಂತು, ಮಗುವಿನ ಬ್ಯಾಪ್ಟಿಸಂ ಜೊತೆಗೆ ತಂದೆಯ ಕಸುಬೂ ಇರುತ್ತದೆ. ಆ ಪುಟಗಳಲ್ಲಿ ಸಾಲು ಸಾಲಾಗಿ ‘ಮೈನರ್’, ‘ಮೈನರ್’, ಅಂದರೆ ಗಣಿ ಕೆಲಸದವರು. ಕಾರ್ನ್‌ವಾಲ್‌ನಲ್ಲಿ ಮೆಥಡಿಸ್ಟರು, ಅಂದರೆ ಪ್ಯಾರಿಷ್ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಗಡದವರು, ತುಂಬಾ ಜನ. ಪ್ಯಾರಿಷ್ ಚರ್ಚಿನಲ್ಲಿ ಹೆಸರು ಸಿಗದಿದ್ದರೆ ಅವರ ಚಾಪೆಲ್‌ಗಳ ರಿಜಿಸ್ಟರ್ ನೋಡಿ. ಇಂಥ ಹಳೆಯ ಪುಸ್ತಕಗಳು ಎಷ್ಟೋ ಲಂಡನ್ನಿನ ಕ್ಯೂ (Kew) ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿವೆ.

ಒಂದೇ ಊರಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಇರುತ್ತಾರೆ. ಅಣ್ಣತಮ್ಮಂದಿರ ಹೆಸರು, ಮದುವೆಯ ಸಾಕ್ಷಿಗಳ ಹೆಸರು ತಾಳೆ ನೋಡದೆ ‘ಇವರೇ ನಮ್ಮವರು’ ಅನ್ನಬೇಡಿ. ಬ್ರಿಟನ್ನಿನ 1841ರ ಜನಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 24 ಇದ್ದವರು 20 ಆಗಿರಬಹುದು. ಬ್ರಿಟನ್ ಬಿಟ್ಟು ಹೊರಟವರ ಪಟ್ಟಿ ಉಳಿದಿರುವುದು 1890ರ ನಂತರದ್ದು, ಅದಕ್ಕಿಂತ ಹಳಬರಿಗಾಗಿ ಸುಮ್ನೆ ಅದನ್ನು ತಡಕಬೇಡಿ.

ಗ್ವೆನ್ನಾಪ್ ಚರ್ಚಿನ ಅಂಗಳಕ್ಕೆ ಹೋಗುವುದಾದರೆ ಗಟ್ಟಿ ಬೂಟು ಹಾಕಿಕೊಳ್ಳಿ, ಹುಲ್ಲು ಒದ್ದೆಯಾಗಿರುತ್ತದೆ. ಸವೆದ ಅಕ್ಷರ ಓದಲು ಓರೆ ಬಿಸಿಲು ಬೇಕು, ಬೆಳಿಗ್ಗೆಯೋ ಸಂಜೆಯೋ ಹೋಗಿ. ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಹಾಳಾಗುತ್ತದೆ. ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆದರೆ ಸಾಕು.