ಗ್ರೇಟ್ ಫಾಲ್ಸ್‌ನಿಂದ ಬಂದ ಸೆಸ್ನಾ

2023ರಲ್ಲಿ ನಾನೊಂದು ವಿಮಾನ ಕೊಂಡೆ. ನಾಲ್ಕು ಸೀಟಿನ ಸೆಸ್ನಾ 172ಎಂ, 1975ರ ಮಾಡೆಲ್. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅದು ಇದ್ದದ್ದು ಅಮೆರಿಕದ ಮೊಂಟಾನಾದಲ್ಲಿ, ಗ್ರೇಟ್ ಫಾಲ್ಸ್ ಹತ್ತಿರ ಗೋಧಿ ಬೆಳೆಯುವ ಒಬ್ಬ ರೈತರ ಶೆಡ್ಡಿನಲ್ಲಿ. ನಾನಿರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ನಡುವೆ ಇರೋದು ಒಂದೇ ಒಂದು ಗಡಿ. ಆದರೂ ಅದು ಇಲ್ಲಿಯ ವಿಮಾನ ಅನ್ನಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು.

ಅಪ್ಪ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಹೋದಾಗ ಎಂಜಿನ್ ಮುಟ್ಟುವ ಮೊದಲು ಆರ್‌ಸಿ ಕೇಳುತ್ತಿದ್ದರು. ನಾನೂ ಮೊದಲು ಕೇಳಿದ್ದು ಲಾಗ್‌ಬುಕ್. ಬೂಟಿನ ಡಬ್ಬಿಯೊಂದರಲ್ಲಿ ಐದು ಪುಸ್ತಕ ಇದ್ದವು. 48 ವರ್ಷದಲ್ಲಿ ಯಾವ ಮೆಕ್ಯಾನಿಕ್ ಯಾವ ಬೋಲ್ಟ್ ಬಿಚ್ಚಿದ, ಏನು ಬದಲಾಯಿಸಿದ, ಎಲ್ಲ ಅದರಲ್ಲಿದೆ. ಆ ರೈತರ ಅಡುಗೆಮನೆ ಮೇಜಿನ ಮುಂದೆ ಎರಡು ದಿನ ಕೂತು ಓದಿದೆ.

ಒಂದು ಜಾಗದಲ್ಲಿ ಬೆರಳು ನಿಂತಿತು. 2016ರಿಂದ 2020ರವರೆಗೆ ಅದು ಹಾರಿದ್ದು ಬರೀ 22 ಗಂಟೆ. ಕಡಿಮೆ ಹಾರಿದೆ, ಹಾಗಾದರೆ ಒಳ್ಳೆಯದೇ ಅಂತ ಎಷ್ಟೋ ಜನ ತಿಳಿಯುತ್ತಾರೆ. ಹಾಗಲ್ಲ. ಇದರ ಲೈಕಮಿಂಗ್ ಓ-320 ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಮೇಲುಗಡೆ ಇದೆ. ಸುಮ್ನೆ ನಿಲ್ಲಿಸಿಟ್ಟರೆ ಆಯಿಲ್ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ನಿಧಾನಕ್ಕೆ ತುಕ್ಕು ಹಿಡಿಯುತ್ತದೆ. ನಾನು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ಹರಡಿದರು. ಒಂದೊಂದು ಮಡಿಕೆಗೂ ಬಾಗಿ ನೋಡಿದೆವು. ಕ್ಯಾಮ್ ತುಕ್ಕಿನಿಂದ ಸವೆದಿದ್ದರೆ ಲೋಹದ ಚೂರು ಅಲ್ಲಿ ಸಿಗಬೇಕು. ಮಿನುಗುವ ಚೂರು ಒಂದೂ ಇರಲಿಲ್ಲ. ಅಯಸ್ಕಾಂತಕ್ಕೂ ಏನೂ ಅಂಟಲಿಲ್ಲ. ಮೊಂಟಾನಾದ ಒಣ ಹವೆ ಅದನ್ನು ಕಾಪಾಡಿತ್ತು.

ಆಮೇಲೆ ಸೀಟಿನ ಹಳಿ. ಹಳೇ ಸೆಸ್ನಾಗಳಲ್ಲಿ ಸೀಟನ್ನು ಹಿಡಿದಿಡುವ ಹಳಿಯ ತೂತು ಸವೆದರೆ ಟೇಕಾಫ್ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ. ಪೈಲಟ್ ಯೋಕ್ (ವಿಮಾನದ ಸ್ಟಿಯರಿಂಗ್) ಹಿಡಿದುಕೊಂಡೇ ಹಿಂದೆ ಹೋದರೆ ವಿಮಾನದ ಮೂಗು ಮೇಲಕ್ಕೇಳುತ್ತದೆ. ಇದರಿಂದ ಜೀವಗಳು ಹೋಗಿವೆ. ಹಳೇ ಸೆಸ್ನಾ ನೋಡಲು ಹೋದವರು ಟಾರ್ಚ್ ಹಿಡಿದು ಪ್ರತಿ ತೂತನ್ನೂ ನೋಡಿ. ದಯವಿಟ್ಟು.

ಕೆನಡಾದ ನನ್ನ ಹೆಸರಿಗೆ ಅಮೆರಿಕದ ಎನ್ ನಂಬರ್, ಅಂದರೆ ಅಲ್ಲಿಯ ನೋಂದಣಿ ಸಂಖ್ಯೆ, ಆಗುವುದಿಲ್ಲ. ಹಾಗಾಗಿ ಮಾರಿದವರೇ ಹಾರಿಸಿಕೊಂಡು ಬಂದರು, ನಾನು ಪಕ್ಕದ ಸೀಟಿನಲ್ಲಿ. ಹೊರಡುವ ಒಂದು ಗಂಟೆ ಮೊದಲಾದರೂ ಅಮೆರಿಕದ ಕಸ್ಟಮ್ಸ್‌ಗೆ ನಮ್ಮಿಬ್ಬರ ವಿವರ ಆನ್‌ಲೈನಲ್ಲಿ ಕೊಡಬೇಕು. ಇಳಿಯುವ ಎರಡು ಗಂಟೆ ಮೊದಲಾದರೂ ಕೆನಡಾದ ಕಸ್ಟಮ್ಸ್‌ಗೆ ಫೋನ್ ಮಾಡಬೇಕು. ಎಡಕ್ಕೆ ರಾಕಿ ಬೆಟ್ಟಗಳು, ಬಲಕ್ಕೆ ಸ್ವೀಟ್‌ಗ್ರಾಸ್ ಗುಡ್ಡಗಳು. ಸುಮಾರು 260 ಕಿಲೋಮೀಟರ್ ಹಾರಿ ಕೆನಡಾದ ಲೆತ್‌ಬ್ರಿಜ್‌ನಲ್ಲಿ ಇಳಿದೆವು. ಸುಂಕ ಇಲ್ಲ. 5% ಜಿಎಸ್‌ಟಿ ಕಟ್ಟಿದೆ, ಅಷ್ಟೇ.

ಕಷ್ಟ ಶುರುವಾದದ್ದು ಆಮೇಲೆ. ಹಿಂದೆ ಯಾವಾಗಲೋ ಯಾರೋ ಒಂದು ಸಣ್ಣ ಆಟೋಪೈಲಟ್ ಹಾಕಿದ್ದರು. ಅದರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಎರಡು ದಿನ ಓದಿದ ನಾನೂ ಅದನ್ನು ಗಮನಿಸಿರಲಿಲ್ಲ. ದೊಡ್ಡ ಮಾರ್ಪಾಡುಗಳ ಫಾರಂ ಪ್ರತಿ ಒಕ್ಲಹೋಮ ಸಿಟಿಯಲ್ಲಿರುವ ಅಮೆರಿಕದ ವಿಮಾನಯಾನ ಇಲಾಖೆಯ (ಎಫ್‌ಎಎ) ದಾಖಲೆಯಲ್ಲಿ ಇರುತ್ತದೆ. ತರಿಸಿ ನೋಡಿದೆ, ಅದರಲ್ಲೂ ಇಲ್ಲ. ಇಲ್ಲಿಯ ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದರು: ಕಾಗದ ಇಲ್ಲದ್ದು ವಿಮಾನದಲ್ಲಿ ಇರುವ ಹಾಗಿಲ್ಲ. ಬಿಚ್ಚಿಸಿದೆ. ಮೂರು ವಾರ ಹೋಯಿತು. ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗಿದಾಗ, ಅದನ್ನು ಬಿಚ್ಚಿದ ಮೇಲೂ ಕಾಗದದ ಲೆಕ್ಕಕ್ಕಿಂತ 27 ಪೌಂಡ್ ಜಾಸ್ತಿ ಬಂತು. ಇಷ್ಟು ವರ್ಷ ಎಲ್ಲರೂ ಆ ತಪ್ಪು ಲೆಕ್ಕದಲ್ಲೇ ಹಾರಿದ್ದಾರೆ.

ಬಾಲದ ಕಡೆ ಒಂದು ಪುಟ್ಟ ಡಬ್ಬಿ ಇದೆ, ಇಎಲ್‌ಟಿ. ವಿಮಾನ ಬಿದ್ದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗಿ ಹೇಳುವುದು ಅದೇ. ಅದರೊಳಗೆ ದೇಶದ ಕೋಡ್ ಇರುತ್ತದೆ: ಅಮೆರಿಕಕ್ಕೆ 366, ಕೆನಡಾಕ್ಕೆ 316. ಬದಲಾಯಿಸದೆ ಬಿಟ್ಟರೆ ನಮ್ಮ ಆಲ್ಬರ್ಟಾ ಪ್ರಾಂತ್ಯದ ಹಿಮದಲ್ಲಿ ನಾನು ಬಿದ್ದಿರುತ್ತೇನೆ, ಫೋನ್ ಹೋಗುವುದು ಮೊಂಟಾನಾದ ಆ ರೈತರ ಮನೆಗೆ. ಇಂಥದ್ದನ್ನು ಮರೆಯಬಾರದು ಅಲ್ವಾ? ಟ್ರಾನ್ಸ್‌ಪಾಂಡರ್ (ರಡಾರ್‌ಗೆ ವಿಮಾನದ ಗುರುತು ಹೇಳುವ ಸಾಧನ) ಕೋಡನ್ನೂ ಹಾಗೇ ಬದಲಾಯಿಸಿದೆವು.

ಕೊನೆಗೆ ಬಾಗಿಲ ಹಿಂದಿನ ಎನ್ ನಂಬರ್ ಸ್ಟಿಕ್ಕರ್ ಕಿತ್ತೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಉಗುರಿನಲ್ಲಿ ಎಬ್ಬಿಸಿ, ಒಂದೊಂದೇ ಅಕ್ಷರ. ಅಡಿಯಲ್ಲಿ ಬಿಸಿಲು ಕಾಣದ ನೀಲಿ ಬಣ್ಣ ಹೊಸದಾಗಿಯೇ ಇತ್ತು. ಅದರ ಮೇಲೇ ಈಗ ಕೆನಡಾದ ಅಕ್ಷರ ಅಂಟಿಸಿದ್ದೇನೆ. ಸಂಜೆ ಬಿಸಿಲು ಓರೆಯಾಗಿ ಬಿದ್ದರೆ ಹಳೇ ನಂಬರ್ ಅಂಚಿನಲ್ಲಿ ಇನ್ನೂ ಕಾಣುತ್ತದೆ.