ಪ್ರಶ್ನೆ ಕೇಳಿ ಸುಮ್ಮನಿರುವುದು: ಬೋಧನಾಭ್ಯಾಸದ ಮೂರನೇ ವಾರ

ಶಿಕ್ಷಕ ತರಬೇತಿಯ ಭಾಗವಾಗಿ ಶಾಲೆಯಲ್ಲಿ ಪಾಠ ಮಾಡುವ ಈ ಬೋಧನಾಭ್ಯಾಸದ ಮೊದಲ ವಾರದ ಡೈರಿಯನ್ನು ನಿನ್ನೆ ಮತ್ತೆ ಓದಿದೆ. ನಾಚಿಕೆಯಾಯಿತು. 'ಮಕ್ಕಳು ಗಮನ ಕೊಡಲಿಲ್ಲ', 'ಉತ್ತರ ಹೇಳಲು ಹಿಂಜರಿದರು', 'ಸಮಯ ಸಾಲಲಿಲ್ಲ'. ತಪ್ಪೆಲ್ಲ ಮಕ್ಕಳದು, ಇಲ್ಲವೇ ಗಡಿಯಾರದ್ದು. ಪಾಠ ಮಾಡಿದವಳು ಎಲ್ಲಿ ಹೋದಳೋ!

ಅದಕ್ಕೇ ಎರಡನೇ ವಾರ ಮಾರ್ಗದರ್ಶಕರ ಒಪ್ಪಿಗೆ ಪಡೆದು ಒಂದು ಭಿನ್ನರಾಶಿ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಧ್ವನಿ ಮಾತ್ರ, ಕೇಳಿದ ಮೇಲೆ ಅಳಿಸಿದೆ. ನಮ್ಮ ಧ್ವನಿಯನ್ನು ನಾವೇ ಕೇಳುವುದು ಹಿಂಸೆ, ಅದಿರಲಿ. ಲೆಕ್ಕ ಹಾಕಿದರೆ 22 ಪ್ರಶ್ನೆ ಕೇಳಿದ್ದೇನೆ. ಅದರಲ್ಲಿ 13ಕ್ಕೆ ಉತ್ತರ ಹೇಳಿದ್ದೂ ನಾನೇ. ಪ್ರಶ್ನೆ ಮುಗಿಯುವ ಮೊದಲೇ 'ಹೇಳಿ, ಹೇಳಿ' ಅಂತ ಅವಸರ ಬೇರೆ.

ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡಿನಷ್ಟೂ ಕಾಯುವುದಿಲ್ಲ. 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರ ಸಂಖ್ಯೆ ಕಡಿಮೆಯಾಗುತ್ತದೆ. ಮಗು ಉತ್ತರ ಹೇಳಿದ ಮೇಲೂ ಹಾಗೇ ಕಾಯಬೇಕು ಅಂದಿದ್ದರು. ತರಬೇತಿಯ ತರಗತಿಯಲ್ಲಿ ಓದಿದಾಗ ಇದೇನು ಮಹಾ ಅನ್ನಿಸಿತ್ತು.

ಈ ವಾರ ಅದನ್ನೇ ಹಿಡಿದೆ. ಪ್ರಶ್ನೆ ಕೇಳಿ, ಬೆನ್ನ ಹಿಂದೆ ಬೆರಳು ಮಡಚುತ್ತಾ ಮೂರು ಎಣಿಸುವುದು. ಮೂರು ಸೆಕೆಂಡ್ ಇಷ್ಟು ಉದ್ದ ಅಂತ ಗೊತ್ತೇ ಇರಲಿಲ್ಲ. ಸೋಮವಾರ ಎರಡರಲ್ಲೇ ಸೋತೆ.

ಬುಧವಾರ 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದೆ. ಒಬ್ಬಳು ಎದ್ದು, '1/4 ಮಿಸ್, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ' ಅಂದಳು. 'ತಪ್ಪು, ಬೇರೆ ಯಾರು ಹೇಳ್ತೀರಿ?' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಬೆರಳು ಮಡಚಿದೆ. ಅವಳು ಕೂರಲಿಲ್ಲ, ಬೋರ್ಡ್ ನೋಡುತ್ತಾ ನಿಂತಳು. ಆಮೇಲೆ ತನ್ನಷ್ಟಕ್ಕೆ, 'ಆದ್ರೆ ನಾಲ್ಕು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಕಮ್ಮಿ ಬರುತ್ತೆ...' ಅಂದಳು. ಹಿಂದಿನ ಬೆಂಚಿನವನು, 'ಹಾಗಾದ್ರೆ ಕೆಳಗಿನ ನಂಬರ್ ದೊಡ್ಡದಾದಷ್ಟೂ ತುಂಡು ಚಿಕ್ಕದು' ಅಂತ ಸೇರಿಸಿದ. ಛೇದದ ಬಗ್ಗೆ ನಾನು ಹತ್ತು ನಿಮಿಷ ಹೇಳಬೇಕೆಂದು ಬರೆದುಕೊಂಡು ಹೋಗಿದ್ದು ಇದನ್ನೇ.

ನಷ್ಟವೂ ಆಯಿತು. ಪಾಠ ಯೋಜನೆಯ ಕೊನೆಯ ಎರಡು ಚಟುವಟಿಕೆ ಉಳಿದವು. ಪಾಠ ನೋಡಿದವರು ಬರೆದುಕೊಡುವ ವೀಕ್ಷಣಾ ಹಾಳೆಯಲ್ಲಿ 'ಸಮಯ ಪಾಲನೆ ಸಾಲದು' ಅಂತ ಬಂತು. ನ್ಯಾಯವಾದ ಮಾತೇ. ಯೋಜನೆಯಲ್ಲಿ ಪ್ರಶ್ನೆಗಳು ಜಾಸ್ತಿ ಇದ್ದವು. 'ಅರ್ಥವಾಯ್ತಾ?' ಅನ್ನುವುದನ್ನಂತೂ ಪೂರ್ತಿ ಕೈಬಿಡುತ್ತೇನೆ, ಅದಕ್ಕೆ ಎಲ್ಲರೂ 'ಹೂಂ' ಅನ್ನುತ್ತಾರೆ.

ಶುಕ್ರವಾರದ ರೆಕಾರ್ಡಿಂಗ್‌ನಲ್ಲಿ 11 ಪ್ರಶ್ನೆ. ನಾನೇ ಉತ್ತರಿಸಿದ್ದು ಎರಡಕ್ಕೆ. ಆದರೆ ಮಾತಾಡಿದ್ದು ಅದೇ ಐದು ಮಕ್ಕಳು. ಕಾದರೂ ಉಳಿದವರ ಕೈ ಮೇಲೇಳಲಿಲ್ಲ. ಮುಂದಿನ ವಾರ ಮೊದಲು ಎಲ್ಲರೂ ಉತ್ತರ ಬರೆಯಲಿ, ಪಕ್ಕದವರಿಗೆ ತೋರಿಸಲಿ, ಆಮೇಲೆ ಹೆಸರು ಕರೆಯುತ್ತೇನೆ. ಯೋಜನೆಯಲ್ಲಿ ಸದ್ಯಕ್ಕೆ ಆರೇ ಪ್ರಶ್ನೆ ಬರೆದಿದ್ದೇನೆ.