ಎ2 ಸ್ಲಾಟಿನ ಹಸಿರು: ಬಿ450 ಬೋರ್ಡಿನಲ್ಲಿ ರೈಝನ್ 5600 ಬೂಟ್ ಆಯಿತು

ಕಾರವಾರದ ಬಿ450 ಮಷಿನ್ (ಬಿ450 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಇರುವ ಕಂಪ್ಯೂಟರ್) ಕೊನೆಗೂ ಬೂಟ್ ಆಗಿದೆ. ಹಳೆಯ ಪ್ರೊಸೆಸರ್ ರೈಝನ್ 3 2200ಜಿ ತೆಗೆದು ಹೊಸ ರೈಝನ್ 5 5600 ಕೂರಿಸಿದಾಗಿನಿಂದ ಒಂದೇ ಲಕ್ಷಣ: ಫ್ಯಾನ್ ತಿರುಗುತ್ತದೆ, ಡಿರ‍್ಯಾಮ್ ಎಲ್‌ಇಡಿ (ಮೆಮೊರಿ ಪರೀಕ್ಷೆಯ ದೀಪ) ಆರುವುದೇ ಇಲ್ಲ, ಮಾನಿಟರ್ ಕಪ್ಪು. ಪ್ರೊಸೆಸರ್ ಸರಿಯಾಗಿಯೇ ಇತ್ತು.

ಬಿಚ್ಚಿ ಜೋಡಿಸುವ ಕೆಲಸ ಎಲ್ಲರಿಗೂ ಗೊತ್ತು. ಒಂದು ಮಾತು ಮಾತ್ರ: ಎಎಂ4 (ಈ ಪ್ರೊಸೆಸರ್‌ಗಳು ಕೂರುವ ಸಾಕೆಟ್) ಕೂಲರ್ ಕೀಳುವ ಮೊದಲು ಮಷಿನ್ ಹತ್ತು ನಿಮಿಷ ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರನ್ನು ಆಚೀಚೆ ತಿರುಚಿ ಬಿಡಿಸಿ. ನೇರ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಬರುತ್ತದೆ. ಆಮೇಲೆ 1331 ಪಿನ್‌ಗಳಲ್ಲಿ ಬಾಗಿದ್ದು ಯಾವುದು ಎಂದು ಹುಡುಕಬೇಕು. ಇನ್ನು 2200ಜಿಯಲ್ಲಿದ್ದ ಗ್ರಾಫಿಕ್ಸ್ 5600ರಲ್ಲಿ ಇಲ್ಲ, ಆದ್ದರಿಂದ ಬೋರ್ಡಿನ ಎಚ್‌ಡಿಎಂಐಯಿಂದ ಏನೂ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಬೋರ್ಡಿನಲ್ಲಿದ್ದದ್ದು 2019ರ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ). ಬಿ450ಗೆ 5000 ಸರಣಿಯ ಬೆಂಬಲ ಬೀಟಾ ರೂಪದಲ್ಲಿ ಬರಲು ಶುರುವಾದದ್ದೇ 2020ರ ಕೊನೆಯಲ್ಲಿ. ಪ್ರೊಸೆಸರ್ ಮಾರಿದವರು ‘ಬಿ450ಗೆ ನೇರ ಹಾಕಬಹುದು’ ಎಂದಷ್ಟೇ ಬರೆದು, ಬಯಾಸ್ ವಿಚಾರ ಎತ್ತಿರಲಿಲ್ಲ. ಇದು ಗಿರಾಕಿಗೆ ಮಾಡುವ ಅನ್ಯಾಯ. ಹಳೆಯ ಪ್ರೊಸೆಸರ್ ಹಾಕಿಕೊಂಡೇ, ತಯಾರಕರು ಹೇಳಿದ ಮಧ್ಯದ ಆವೃತ್ತಿ ಮೊದಲು, ಆಮೇಲೆ ಹೊಸದು ಎಂದು ಎರಡು ಹಂತದಲ್ಲಿ ಬರೆದಾಯಿತು. ಕರಾವಳಿಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೊಸ ಬಯಾಸ್, ಹೊಸ ಪ್ರೊಸೆಸರ್. ಡಿರ‍್ಯಾಮ್ ದೀಪ ಮತ್ತೆ ಹಾಗೇ.

ಮೊದಲ ಸಲ ಮೆಮೊರಿ ಟ್ರೇನಿಂಗಿಗೆ (ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುವ ಕೆಲಸ) ಕೆಲವು ನಿಮಿಷ ಹಿಡಿಯುತ್ತದೆ, ನಡುವೆ ಮಷಿನ್ ತಾನೇ ಆಫ್ ಆಗಿ ಆನ್ ಆಗುವುದೂ ಉಂಟು. ಅಷ್ಟು ಹೊತ್ತು ಬಿಟ್ಟರೂ ಬದಲಾವಣೆ ಇಲ್ಲ. ಪ್ಲಗ್ ಕಿತ್ತು, ಸಿಆರ್2032 ಸೆಲ್ ತೆಗೆದು, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಇಳಿಸಿ ಸಿಮಾಸ್ (ಬಯಾಸ್ ಉಳಿಸಿಕೊಂಡ ಸೆಟ್ಟಿಂಗ್‌ಗಳು) ಕ್ಲಿಯರ್ ಮಾಡಿದರೂ ಅಷ್ಟೇ. ಕೂಲರ್ ಸ್ಕ್ರೂ ಒಂದು ಕಡೆ ಬಿಗಿಯಾದರೂ ಮೆಮೊರಿ ಚಾನೆಲ್ ಕೈಕೊಡುತ್ತದೆ. ನಾಲ್ಕನ್ನೂ ಸಡಿಲಿಸಿ ಅಡ್ಡಡ್ಡ ಬಿಗಿದು ನೋಡಿದರೂ ಫಲವಿಲ್ಲ.

ಸುಳಿವು ಸಿಕ್ಕಿದ್ದು ಮೆಮೊರಿ ಸ್ಟಿಕ್ ಕೂರುವ ನಾಲ್ಕು ಸ್ಲಾಟುಗಳಲ್ಲಿ. ಹಿಂದೆ ಎರಡು ಸ್ಟಿಕ್‌ಗಳೂ ಎ1, ಬಿ1ರಲ್ಲಿದ್ದವು. ಮ್ಯಾನ್ಯುಯಲ್ ಹೇಳುವುದು ಎ2, ಬಿ2. ಲೈನಿನ ತುದಿಯ ಸ್ಲಾಟ್ ಖಾಲಿ ಬಿಟ್ಟರೆ ಸಿಗ್ನಲ್ ಅಲ್ಲಿಂದ ಹಿಂದಿರುಗಿ ವೇಗ ಕೆಡಿಸುತ್ತದೆ. ಆದ್ದರಿಂದ ಹೊಸ ಪ್ರೊಸೆಸರಿನೊಂದಿಗೆ ಸ್ಟಿಕ್‌ಗಳ ಜಾಗವೂ ಬದಲಾಗಿತ್ತು. ಒಂದೊಂದೇ ಸ್ಟಿಕ್ ಇಟ್ಟು ನೋಡಿದಾಗ ಎ1, ಬಿ1, ಬಿ2 ಮೂರರಲ್ಲೂ ಡಿಸ್‌ಪ್ಲೇ ಬಂತು, ಎ2ರಲ್ಲಿ ಮಾತ್ರ ಇಲ್ಲ. 2200ಜಿ ಮತ್ತೆ ಹಾಕಿದರೂ ಎ2 ಸತ್ತಿತ್ತು. ಪ್ರೊಸೆಸರ್ ವಾಪಸ್ ಕಳಿಸುವ ಯೋಚನೆ ಅಲ್ಲಿಗೆ ನಿಂತಿತು.

ಟಾರ್ಚ್ ಓರೆಯಾಗಿ ಹಿಡಿದರೆ ಎ2ರೊಳಗೆ, ನಾಚ್‌ಗೆ ಹತ್ತಿರದ ನಾಲ್ಕೈದು ಸಂಪರ್ಕಗಳ ಬುಡದಲ್ಲಿ ಹಸಿರು ಪುಡಿ ಕಾಣುತ್ತದೆ. ಚಿನ್ನದ ಲೇಪ ಬಹಳ ತೆಳು, ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಕಡಲ ಗಾಳಿಯ ಉಪ್ಪು ತೇವದ ಜೊತೆ ಅಲ್ಲಿಂದ ಇಳಿದು ಅಡಿಯ ತಾಮ್ರವನ್ನು ತಿನ್ನುತ್ತದೆ. ಸ್ಟಿಕ್ ಕೂತಿರುವ ಸ್ಲಾಟಿನಲ್ಲಿ ಸಂಪರ್ಕದ ಬಿಂದು ಒತ್ತಿ ಮುಚ್ಚಿಕೊಂಡಿರುತ್ತದೆ. ಖಾಲಿ ಸ್ಲಾಟ್ ವರ್ಷಗಟ್ಟಲೆ ತೆರೆದುಕೊಂಡೇ ಇರುತ್ತದೆ.

ಶುಚಿ ಮಾಡಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೆಡಿಕಲ್ ಶಾಪಿನ 70 ಶೇಕಡಾದ್ದರಲ್ಲಿ ಉಳಿದದ್ದು ನೀರು, ಅದು ಬೇಡ. ತರಿಸಿದ್ದಕ್ಕೆ ಅರಬೈಲ್ ಘಟ್ಟ ಇಳಿದು ಬರಲು ಹಿಡಿದ ಕಾಲ ಹೇಳಿದರೆ ಸಿಟ್ಟು ಬರುತ್ತದೆ. ಬೋರ್ಡನ್ನು ಕೇಸಿನಿಂದ ಹೊರತೆಗೆದು, ದ್ರವ ಸಾಕೆಟ್ ಕಡೆ ಹರಿಯದಂತೆ ಓರೆಯಾಗಿಸಿ, ಮೆತ್ತನೆಯ ನೈಲಾನ್ ಬ್ರಶ್ಶಿನಿಂದ ಸ್ಲಾಟಿನ ಉದ್ದಕ್ಕೂ ಉಜ್ಜಬೇಕು, ಅಡ್ಡಕ್ಕಲ್ಲ. ಅಡ್ಡ ಉಜ್ಜಿದರೆ ಸ್ಪ್ರಿಂಗ್ ಸಂಪರ್ಕ ಬಾಗುತ್ತದೆ. ಒದ್ದೆ ಇರುವಾಗಲೇ ಕೆಲಸಕ್ಕೆ ಬಾರದ ಹಳೆಯ ಡಿಡಿಆರ್4 ಸ್ಟಿಕ್ ಒಂದನ್ನು ಹತ್ತು ಸಲ ಹಾಕಿ ತೆಗೆದು, ಪ್ರತಿ ಸಲ ಅದರ ಅಂಚು ಒರೆಸಿದೆವು. ಬಟ್ಟೆಗೆ ಹಸಿರು ಹತ್ತುವುದು ನಿಂತ ಮೇಲೆ ಫ್ಯಾನಿನ ಕೆಳಗೆ ಒಂದು ಗಂಟೆ. ಪೆನ್ಸಿಲ್ ರಬ್ಬರ್ ಹಾಕಬೇಡಿ: ಅದು ಚಿನ್ನವನ್ನೇ ಸವೆಸುತ್ತದೆ, ಪುಡಿ ಸ್ಲಾಟಿಗೆ ಬೀಳುತ್ತದೆ.

ಎ2, ಬಿ2ರಲ್ಲಿ ಸ್ಟಿಕ್, ಪವರ್. ಸ್ವಲ್ಪ ಹೊತ್ತಿಗೆ ಡಿರ‍್ಯಾಮ್ ದೀಪ ಆರಿತು! ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಭದ್ರತಾ ಕೀಲಿಗಳ ಕೋಶ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ಪರದೆಗೆ ಬಂತು. ವೈ ಒತ್ತುವ ಮೊದಲು ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ರಿಕವರಿ ಕೀ ಕೈಯಲ್ಲಿರಲಿ, ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ. ಎಕ್ಸ್‌ಎಂಪಿಯಲ್ಲಿ (ಮೆಮೊರಿಯ ಸಿದ್ಧ ವೇಗದ ಸೆಟ್ಟಿಂಗ್) 3200 ಹಾಕಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೆ ಒಂದೂ ತಪ್ಪಿಲ್ಲ. ಖಾಲಿ ಉಳಿದ ಎ1, ಬಿ1ಕ್ಕೆ ಈಗ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದೇವೆ.

2200ಜಿ ಶಿರಸಿಗೆ ಹೋಗುತ್ತಿದೆ. ಅಲ್ಲಿ ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಬೇಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು, 90 ನಿಮಿಷದ ಕ್ಯಾಸೆಟಿಗೆ ಒಂದೂವರೆ. ಪ್ರೊಸೆಸರ್ ಧಾರಾಳ ಸಾಕು. ಡೆಕ್ಕಿನ ರಬ್ಬರ್ ಬೆಲ್ಟ್ ಕರಗಿ ಅಂಟಂಟಾಗಿದೆ, ಹೊಸದಕ್ಕೆ ಆರ್ಡರ್ ಹೋಗಿದೆ. ಅದು ಬಂದ ಮೇಲೆ ಮೊದಲು ಹೆಡ್ಡಿನ ಅಜಿಮತ್ (ಟೇಪಿಗೆ ಹೆಡ್ಡು ನಿಲ್ಲುವ ಕೋನ) ಹೊಂದಿಸಬೇಕು, ಇಲ್ಲದಿದ್ದರೆ ಚಂಡೆಯ ಏರು ಪೆಟ್ಟುಗಳೆಲ್ಲ ಮಂಕಾಗಿ ದಾಖಲಾಗುತ್ತವೆ.